ಜಪಾನಿನ ಪೊರಕೆ

ಕಾರ್ಖಾನೆಯ ಕೆಲಸದ ನಿಮಿತ್ತ ಮೂರು ತಿಂಗಳು ನಾಗೋಯಾದಲ್ಲಿದ್ದು ಬಂದ ನಮ್ಮಣ್ಣನನ್ನು ಊರವರೆಲ್ಲ ಕೇಳಿದ್ದು ಬುಲೆಟ್ ರೈಲಿನ ವಿಚಾರ. 1964ರಿಂದ ಓಡುತ್ತಿರುವ ಆ ರೈಲು ದೊಡ್ಡದೇ, ಸಂದೇಹವಿಲ್ಲ. ನನ್ನ ಮನಸ್ಸಿನಲ್ಲಿ ನಿಂತದ್ದು ಮಾತ್ರ ಅಲ್ಲಿಯ ಶಾಲೆಗಳ ಪೊರಕೆ. ಮಕ್ಕಳೇ ತಮ್ಮ ತರಗತಿ ಗುಡಿಸಿ, ನೆಲ ಒರೆಸುತ್ತಾರೆ. ಮಧ್ಯಾಹ್ನದ ಊಟವನ್ನು ಸರದಿಯಂತೆ ತಾವೇ ಬಡಿಸುತ್ತಾರೆ. ಹಾಗೆಂದು ಜಪಾನು ಸ್ವರ್ಗವಲ್ಲ. ಹುಟ್ಟಿನಿಂದ ಕೀಳೆನಿಸಿಕೊಂಡವರು ಅಲ್ಲಿಯೂ ಇದ್ದರು; 1871ರಲ್ಲಿ ಸರ್ಕಾರ ಆ ಭೇದವನ್ನು ತೆಗೆದುಹಾಕಿದರೂ ಜನಮನದಿಂದ ಅದು ಪೂರ್ತಿ ಅಳಿದಿಲ್ಲ.

ನನ್ನನ್ನು ಬಿ.ಎ.ವರೆಗೆ ಓದಿಸಿದ್ದು ನಮ್ಮವ್ವನ ಪೊರಕೆ. ನಾವೋ ಅಕ್ಟೋಬರ್ 2ರಂದು ಪೊರಕೆ ಹಿಡಿದು ಫೋಟೋ ತೆಗೆಸಿಕೊಳ್ಳುತ್ತೇವೆ. 3ರಂದು ಅದೇ ಮೆಟ್ಟಿಲ ಮೇಲೆ ಕಡಲೆಕಾಯಿ ಸಿಪ್ಪೆ! ತರಗತಿಯನ್ನು ನಾವೇ ಗುಡಿಸೋಣವೆಂದರೆ, "ಬಿ.ಎ. ಓದಿದ್ದು ಇದಕ್ಕೇನಯ್ಯಾ?" ಎನ್ನುತ್ತಾರೆ ಗೆಳೆಯರು. ನಗುವವರು ನಗಲಿ. ಸೋಮವಾರದ ಸರದಿ ನನ್ನದು; ಮಂಗಳವಾರಕ್ಕೆ ಹೆಸರು ಬೇಕಾಗಿದೆ.