ಕಾರಣ ಕೇಳುವ ಹಕ್ಕು

ಘಟ್ಟದ ರಸ್ತೆಯಲ್ಲಿ ವಾಹನ ತಡೆದು ಶೋಧಿಸುವ ಅಧಿಕಾರ ಪೊಲೀಸರಿಗೆ ಇರಬಾರದೆಂದು ಈ ಪತ್ರಿಕೆ ವಾದಿಸದು. ಬೀಟೆ, ಶ್ರೀಗಂಧ, ಶಿಕಾರಿಯ ಮಾಂಸ ಎಲ್ಲವೂ ಕಾಡು ಬಿಟ್ಟು ಹೊರಡುವುದು ವಾಹನದಲ್ಲಿಯೇ. ವಾರಂಟ್ ತರುವಷ್ಟರಲ್ಲಿ ಲಾರಿ ಜಿಲ್ಲೆಯ ಗಡಿ ದಾಟಿರುತ್ತದೆ. ಆದ್ದರಿಂದಲೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 50ನೇ ಕಲಂ, ಅರಣ್ಯಾಧಿಕಾರಿಗೂ ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿಗೂ ವಾರಂಟ್ ಇಲ್ಲದೆ ವಾಹನ ನಿಲ್ಲಿಸಿ ಶೋಧಿಸುವ ಅಧಿಕಾರವಿತ್ತಿದೆ.

ಆದರೆ ಅದೇ ಕಲಮಿನಲ್ಲಿ ಒಂದು ಷರತ್ತಿದೆ: ಅಪರಾಧ ನಡೆದಿದೆಯೆಂದು ನಂಬಲು ಸಮಂಜಸ ಕಾರಣವಿರಬೇಕು. ನಮ್ಮ ಭಾಗದಲ್ಲಿ ಮರೆತುಹೋಗಿರುವುದು ಈ ಷರತ್ತೇ. ಕಳೆದ ವರ್ಷ ಅಡಿಕೆ ತೋಟಗಳ ಮಣ್ಣಿನ ಮಾದರಿಗಳನ್ನು ಒಯ್ಯುತ್ತಿದ್ದ ನನ್ನನ್ನು ಪೊಲೀಸರು ಒಂದು ತನಿಖಾ ಠಾಣೆಯಲ್ಲಿ ತಡೆದು, ಚೀಲಗಳನ್ನೆಲ್ಲ ಬಿಚ್ಚಿ ನೆಲಕ್ಕೆ ಸುರಿದರು. ಚೀಟಿಗಳು ಕಲೆತುಹೋಗಿ ಎರಡು ದಿನದ ದುಡಿಮೆ ಮಣ್ಣುಪಾಲಾಯಿತು (ಮಣ್ಣೇ ಆಗಿತ್ತೆನ್ನಿ). ಕಾರಣ ಕೇಳಿದರೆ ‘ಮೇಲಿನವರ ಆದೇಶ’ ಎಂಬಷ್ಟೇ ಉತ್ತರ. ಹೆಸರಿನ ಹಿಂದೆ ಡಾಕ್ಟರೇಟ್ ಇರುವವನ ಪಾಡೇ ಹೀಗಾದರೆ, ಸೊಪ್ಪಿನ ಬೆಟ್ಟದಿಂದ ತರಗೆಲೆ ತರುವ ರೈತನನ್ನು ಕೇಳುವವರಾರು?

ಪರವಾನಗಿ ಕೇಳುವುದು ಬೇರೆ, ಮೂಟೆ ಬಿಚ್ಚಿಸುವುದು ಬೇರೆ. ಮೋಟಾರು ವಾಹನ ಕಾಯ್ದೆಯ 130ನೇ ಕಲಮಿನಂತೆ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದರೆ ಚಾಲಕನು ಪರವಾನಗಿ ತೋರಿಸಲೇಬೇಕು. ಆ ಕಲಂ ಮೂಟೆಯವರೆಗೆ ಚಾಚುವುದಿಲ್ಲ. ಇನ್ನು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನ ಪ್ರಕಾರ, ಪೊಲೀಸರು ಸ್ಥಳಶೋಧವನ್ನೂ ಜಪ್ತಿಯನ್ನೂ, ಪಟ್ಟಿಗೆ ಸಾಕ್ಷಿಗಳು ಸಹಿ ಹಾಕುವುದನ್ನೂ ಮೊಬೈಲಿನಂಥ ಸಾಧನದಲ್ಲಿ ಚಿತ್ರೀಕರಿಸಿ ವಿಳಂಬವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಸಂಹಿತೆಯ ವ್ಯಾಖ್ಯೆಯಲ್ಲಿ ‘ಸ್ಥಳ’ ಎಂದರೆ ವಾಹನವೂ ಹೌದು. ಕಿರುಕುಳಕ್ಕಾಗಿ ಅನಗತ್ಯವಾಗಿ ಜಪ್ತಿ ಮಾಡಿದ ಅಧಿಕಾರಿಗೆ ಆರು ತಿಂಗಳವರೆಗೆ ಸೆರೆವಾಸ ವಿಧಿಸಲು ವನ್ಯಜೀವಿ ಕಾಯ್ದೆಯ 53ನೇ ಕಲಂ ಅವಕಾಶ ನೀಡುತ್ತದೆ. ಈ ಕಲಂ ಹಳ್ಳಿಗರ ಕಿವಿಗೆ ಬಿದ್ದದ್ದೇ ಅಪರೂಪ.

ಇದು ಕೇವಲ ಅನುಕೂಲ, ಅನನುಕೂಲದ ಮಾತಲ್ಲ. ಕಳ್ಳನಾಟಾ ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ ಸಾಗುತ್ತದೆಂಬ ಸುಳಿವು ಹಳ್ಳಿಯವನಲ್ಲಿಯೇ ಇರುತ್ತದೆ. ಠಾಣೆಯ ಮುಂದೆ ದಿನವೂ ತಲೆತಗ್ಗಿಸಿ ನಿಂತವನು ಆ ಸುಳಿವನ್ನು ಯಾರಿಗೂ ಹೇಳಲಾರ.

ಆದುದರಿಂದ ನಮ್ಮ ವಿನಂತಿ ಇಷ್ಟು. ನಿಲ್ಲಿಸೆಂದಾಗ ವಾಹನ ನಿಲ್ಲಿಸಿ. ಓಡಿಸಬೇಡಿ, ಜಗಳಕ್ಕೂ ಇಳಿಯಬೇಡಿ. ಶೋಧಕ್ಕೆ ಮೊದಲು ಕಾರಣವನ್ನು ವಿನಯದಿಂದಲೇ ಕೇಳಿ. ಏನನ್ನಾದರೂ ವಶಪಡಿಸಿಕೊಂಡರೆ ಪಟ್ಟಿಯ ಪ್ರತಿ ಪಡೆಯಿರಿ. ವಿದ್ಯಾರ್ಥಿ ಮಿತ್ರರು ತಂತಮ್ಮ ಊರಿನಲ್ಲಿ ಇಂತಹ ಪ್ರಸಂಗಗಳ ದಿನಾಂಕ, ವೇಳೆ, ಹೇಳಲಾದ ಕಾರಣಗಳನ್ನು ಬರೆದಿಟ್ಟರೆ, ಮುಂದಿನ ಗ್ರಾಮಸಭೆಯಲ್ಲಿ ಅಧಿಕಾರಿಗಳ ಮುಂದಿಡಬಹುದು.