ಕಡತದ ಮೌನ ಯಾರ ಅಪರಾಧ?

ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನಂಥ ಊರಿನಲ್ಲಿ ಒಬ್ಬನನ್ನು ಗುರುತಿಸಲು ಕಾಗದ ಬೇಕಾಗುವುದಿಲ್ಲ. ಇಂಥವರ ಮಗ, ಇಂಥ ಮಾವಿನ ತೋಪಿನ ಪಕ್ಕದ ಹೊಲದವನು ಎಂದರೆ ಸಾಕು. ಅವನ ಹೆಸರನ್ನು ಕನ್ನಡದವರು ಒಂದು ರೀತಿಯಲ್ಲಿ, ತೆಲುಗಿನವರು ಇನ್ನೊಂದು ರೀತಿಯಲ್ಲಿ ಕೂಗಿದರೂ ಓಗೊಡುವವನು ಒಬ್ಬನೇ. ಆದರೆ ಆ ಊರಿನ ತರುಣ ಸೈನ್ಯಕ್ಕೆ ಸೇರಿದ ದಿನ ಅವನಿಗೆ ಎರಡನೆಯ ಜನ್ಮವೊಂದು ಒದಗುತ್ತದೆ. ಅದು ಕಾಗದದ ಮೇಲಿನ ಜನ್ಮ. ಈ ಎರಡು ಜನ್ಮಗಳೂ ಒಂದಕ್ಕೊಂದು ಹೊಂದದೆ ಹೋದಾಗ ಗಾಯಗೊಂಡು ಮರಳಿದ ಸಿಪಾಯಿಗೆ ಏನಾಗುತ್ತದೆ ಎಂಬುದು ನಾವೆಲ್ಲರೂ ಯೋಚಿಸಬೇಕಾದ ವಿಷಯ.

ಸೇವೆಯ ಕಾಲದಲ್ಲಿ ದೇಹಕ್ಕೋ ಮನಸ್ಸಿಗೋ ಊನ ತಗಲಿ ಸೈನ್ಯವನ್ನು ಬಿಡಬೇಕಾದವನಿಗೆ ಸರ್ಕಾರ ಅಂಗವೈಕಲ್ಯದ ಪಿಂಚಣಿ ಕೊಡುತ್ತದೆ. ಅದರಲ್ಲಿ ಎರಡು ಭಾಗ: ಸಲ್ಲಿಸಿದ ಸೇವೆಗೆ ಒಂದು, ಉಂಟಾದ ಊನಕ್ಕೆ ಇನ್ನೊಂದು. ವೈದ್ಯ ಮಂಡಳಿ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಗುತ್ತದೆ. ಊನ ಶೇಕಡ ಎಷ್ಟು? ಅದು ಸೇವೆಯಿಂದ ಉಂಟಾದುದೇ, ಅಥವಾ ಸೇವೆಯಿಂದ ಉಲ್ಬಣಗೊಂಡುದೇ? ಮೊದಲನೆಯದನ್ನು ವೈದ್ಯರು ರೋಗಿಯನ್ನು ನೋಡಿ ಹೇಳಬಲ್ಲರು. ಎರಡನೆಯದಕ್ಕೆ ಕಡತವನ್ನೇ ಬಿಚ್ಚಬೇಕು. ಸೇರುವಾಗ ಆರೋಗ್ಯ ಹೇಗಿತ್ತು, ಎಲ್ಲೆಲ್ಲಿ ಕಾವಲಿದ್ದ, ಯಾವ ಆಸ್ಪತ್ರೆಯಲ್ಲಿ ಮಲಗಿದ್ದ, ಬಿದ್ದ ದಿನ ಕರ್ತವ್ಯದಲ್ಲಿದ್ದನೇ ರಜೆಯಲ್ಲಿದ್ದನೇ, ಇವೆಲ್ಲಕ್ಕೂ ಕಾಗದವೇ ಸಾಕ್ಷಿ. ಆ ಕಾಗದವನ್ನು ಬರೆದವನು ಸಿಪಾಯಿಯಲ್ಲ, ಕಾಪಾಡುವವನೂ ಅವನಲ್ಲ. ಆದರೆ ಅದರಲ್ಲಿ ತಪ್ಪಿದ್ದರೆ ದಂಡ ತೆರುವವನು ಮಾತ್ರ ಅವನು.

ತಪ್ಪು ನುಸುಳುವ ದಾರಿಗಳು ಹಲವು. ನಮ್ಮ ಕಡೆಯ ಪದ್ಧತಿಯಂತೆ ಹೆಸರಿನ ಹಿಂದೆ ಊರಿನದೊಂದು, ತಂದೆಯದೊಂದು ಅಕ್ಷರವಿರುತ್ತದೆ. ನಮೂನೆಯಲ್ಲಿ ಅವು ಒಮ್ಮೆ ಬಿಡಿಸಿಕೊಂಡು ಮನೆತನದ ಹೆಸರಾಗುತ್ತವೆ, ಒಮ್ಮೆ ಮಾಯವಾಗುತ್ತವೆ. ವೆಂಕಟರವಣಪ್ಪ ಎಂಬುದನ್ನು ಇಂಗ್ಲಿಷಿನಲ್ಲಿ ಮೂರು ಬಗೆಯಾಗಿ ಬರೆಯಬಹುದು; ಮೂರು ಕಚೇರಿಗಳು ಮೂರು ಬಗೆಯಾಗಿ ಬರೆದರೆ ಒಬ್ಬನೇ ಮನುಷ್ಯ ಮೂವರಾಗುತ್ತಾನೆ. ಮನೆಯವರ ನೆನಪಿನಲ್ಲಿ ಹಬ್ಬದ ಮರುದಿನ ಹುಟ್ಟಿದವನು ಶಾಲೆಯ ದಾಖಲೆಯಲ್ಲಿ ಜೂನ್ 1ರಂದು ಹುಟ್ಟಿರುತ್ತಾನೆ. ಮದುವೆಯ ಸಂಗತಿ ಸೈನ್ಯದ ‘ಭಾಗ 2’ ಆದೇಶದಲ್ಲಿ ಪ್ರಕಟವಾಗದಿದ್ದರೆ, ನಾಳೆ ಅವನು ತೀರಿಕೊಂಡಾಗ ತಾನು ಅವನ ಹೆಂಡತಿಯೆಂಬುದನ್ನು ಅವಳು ಕಚೇರಿಯಿಂದ ಕಚೇರಿಗೆ ಅಲೆದು ಸಾಬೀತುಪಡಿಸಬೇಕಾಗುತ್ತದೆ.

ಇವೆಲ್ಲ ಬರೆದ ತಪ್ಪುಗಳು. ಬರೆಯದೆ ಬಿಟ್ಟ ತಪ್ಪುಗಳು ಇವಕ್ಕಿಂತ ಘೋರವಾದವು. ಅಪಘಾತದ ವರದಿ ಕಡತಕ್ಕೆ ಸೇರಲಿಲ್ಲ. ಮುಂಚೂಣಿಯ ಚಿಕಿತ್ಸಾಲಯದ ಚೀಟಿ ದಾಖಲೆ ಕಚೇರಿಯನ್ನು ಮುಟ್ಟಲಿಲ್ಲ. ಆಗ ಕಡತ ಮೌನವಾಗುತ್ತದೆ. ‘ಸೇವೆಯಿಂದ ಉಂಟಾದುದೂ ಅಲ್ಲ, ಉಲ್ಬಣಗೊಂಡುದೂ ಅಲ್ಲ’ ಎಂಬ ಸಿದ್ಧವಾಕ್ಯ ಆ ಮೌನದ ಜಾಗದಲ್ಲಿ ಬಂದು ಕುಳಿತುಕೊಳ್ಳುತ್ತದೆ.

ಈ ಮೌನವನ್ನು ಹೇಗೆ ಓದಬೇಕು? 2013ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಧರಮ್‌ವೀರ್ ಸಿಂಗ್ ಮೊಕದ್ದಮೆಯಲ್ಲಿ ಕೊಟ್ಟ ಉತ್ತರ ಸ್ಮರಣೀಯವಾದುದು. ಸಿಗ್ನಲ್ಸ್ ದಳಕ್ಕೆ 1985ರಲ್ಲಿ ಸೇರಿದ ಆ ಸಿಪಾಯಿಯನ್ನು ಮೂರ್ಛೆರೋಗದ ಕಾರಣದಿಂದ, ಶೇಕಡ 20ರ ಊನವೆಂದು ನಿರ್ಣಯಿಸಿ, 1994ರಲ್ಲಿ ಮನೆಗೆ ಕಳುಹಿಸಲಾಯಿತು. ರೋಗ ಹುಟ್ಟಿನದೆಂದು ಹೇಳಿ ಪಿಂಚಣಿಯನ್ನು ನಿರಾಕರಿಸಲಾಯಿತು. ನ್ಯಾಯಾಲಯ 1982ರ ನಿಯಮಗಳನ್ನು ವಿವೇಚಿಸಿ ಹೀಗೆ ತೀರ್ಮಾನಿಸಿತು: ಸೇರುವಾಗ ಯಾವ ರೋಗವನ್ನೂ ನಮೂದಿಸದಿದ್ದರೆ ಅವನು ಆರೋಗ್ಯವಂತನಾಗಿದ್ದನೆಂದೇ ತಿಳಿಯಬೇಕು, ಅಲ್ಲವೆಂದು ಸಾಧಿಸುವ ಹೊಣೆ ಸರ್ಕಾರದ್ದು, ಸಂದೇಹದ ಲಾಭ ಸಿಪಾಯಿಗೆ ಸಲ್ಲಬೇಕು. ಅನಂತರ 2008ರಲ್ಲೂ 2023ರಲ್ಲೂ ನಿಯಮಗಳು ಹೊಸರೂಪ ತಾಳಿವೆ, ನಿಜ. ಆದರೆ ಬರೆಯಬೇಕಾದವನು ಬರೆಯದೆ ಬಿಟ್ಟುದನ್ನು ಬರೆಯಲಾರದವನ ತಲೆಗೆ ಕಟ್ಟಬಾರದೆಂಬ ನೀತಿ ನಿಯಮದೊಡನೆ ಹಳತಾಗುವಂಥದಲ್ಲ.

ಈ ನೀತಿಗೆ ವಿರುದ್ಧವಾಗಿ ನಿಂತಿರುವ ಒಂದು ಕಟ್ಟಳೆಯನ್ನು ನೋಡಿ. ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಸೇವಾ ದಾಖಲೆಗಳನ್ನು 25 ವರ್ಷ ಇಟ್ಟು, ಆಮೇಲೆ ನಾಶಮಾಡುವುದು ಸೈನ್ಯದ ರೂಢಿ. ಸ್ಥಳಾಭಾವದ ದೃಷ್ಟಿಯಿಂದ ಇದು ಸಹಜವೆಂದು ತೋರಬಹುದು. ಆದರೆ ಪಿಂಚಣಿ ತಪ್ಪಾಗಿ ನಿರಾಕೃತವಾದವನೂ ‘ಪಿಂಚಣಿ ಇಲ್ಲದವನೇ’ ಅಲ್ಲವೇ? ದಾಖಲೆಯ ಅಗತ್ಯ ಯಾರಿಗೆ ಎಲ್ಲರಿಗಿಂತ ಹೆಚ್ಚೋ ಅವನ ದಾಖಲೆಯೇ ಎಲ್ಲಕ್ಕಿಂತ ಮೊದಲು ಬೂದಿಯಾಗುತ್ತದೆ. ಹೋರಾಡಿ ಗೆದ್ದರೂ ಕಳೆದ ಕಾಲ ಮರಳುವುದಿಲ್ಲ. 2008ರ ತರ್ಸೇಮ್ ಸಿಂಗ್ ಮೊಕದ್ದಮೆಯಲ್ಲಿ, 1983ರಲ್ಲಿ ಊನಗೊಂಡು ಹೊರಬಂದು 1999ರಲ್ಲಿ ನ್ಯಾಯಾಲಯದ ಬಾಗಿಲು ತಟ್ಟಿದವನ ಹಿಂಬಾಕಿಯನ್ನು ಅರ್ಜಿಗೆ ಹಿಂದಿನ ಮೂರು ವರ್ಷಗಳಿಗೆ ಮಿತಿಗೊಳಿಸಲಾಯಿತು.

ಅಮೆರಿಕದ ಸೇಂಟ್ ಲೂಯಿಸ್ ನಗರದ ದಾಖಲೆ ಭಂಡಾರಕ್ಕೆ 1973ರ ಜುಲೈ 12ರಂದು ಬೆಂಕಿ ಬಿದ್ದು ಒಂದೂವರೆ ಕೋಟಿಗೂ ಹೆಚ್ಚು ಸೈನಿಕ ಕಡತಗಳು ಸುಟ್ಟುಹೋದವು. ಅಲ್ಲಿನವರು ಸಂಬಳದ ಪಟ್ಟಿ, ಆಸ್ಪತ್ರೆಯ ಪಟ್ಟಿಗಳಂಥ ಬೇರೆ ಕಾಗದಗಳಿಂದ ದಾಖಲೆಗಳನ್ನು ಮತ್ತೆ ಕಟ್ಟತೊಡಗಿದರು. ಕಡತ ಸರ್ಕಾರದ ವಶದಲ್ಲಿ ನಾಶವಾಗಿದ್ದರೆ ಸೈನಿಕನಿಗೆ ನೆರವಾಗುವ ಹೊಣೆ ಸರ್ಕಾರಕ್ಕೆ ಇನ್ನೂ ಹೆಚ್ಚೆಂದು ಅಲ್ಲಿನ ನ್ಯಾಯಾಲಯಗಳೂ ಹೇಳಿದವು. ಆಕಸ್ಮಿಕವಾದ ಬೆಂಕಿಗೆ ಇಷ್ಟು ಹೊಣೆಯಾದರೆ, ನಿಯಮದಂತೆ ಹಚ್ಚಿದ ಬೆಂಕಿಗೆ ಎಷ್ಟು?

ಬೊಕ್ಕಸದ ಹಣ ಜನರ ಹಣ, ಸುಳ್ಳು ಅರ್ಜಿಗಳೂ ಬರಬಹುದು ಎಂಬ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಪರೀಕ್ಷೆ ಕಟ್ಟುನಿಟ್ಟಾಗಿಯೇ ನಡೆಯಲಿ. ಆದರೆ ಸುಳ್ಳನ್ನು ಹಿಡಿಯುವುದಕ್ಕೂ ಬೇಕಾದುದು ಸರಿಯಾದ ದಾಖಲೆಯೇ. 2021ರಿಂದ ಪಿಂಚಣಿಗಳು ‘ಸ್ಪರ್ಶ್’ ಎಂಬ ಗಣಕ ವ್ಯವಸ್ಥೆಗೆ ಸೇರುತ್ತಿವೆ. ಗಣಕ ವೇಗವಾಗಿ ಕೆಲಸ ಮಾಡುತ್ತದೆ. ಹಳೆಯ ತಪ್ಪನ್ನೂ ಅಷ್ಟೇ ವೇಗವಾಗಿ ನಡೆಸಿಕೊಂಡು ಹೋಗುತ್ತದೆ. ಗುಮಾಸ್ತ ಮುಖ ನೋಡಿ ಒಪ್ಪುತ್ತಿದ್ದ ಒಂದಕ್ಷರದ ವ್ಯತ್ಯಾಸವನ್ನು ಅದು ಒಪ್ಪುವುದಿಲ್ಲ.

ಆದುದರಿಂದ ಆಗಬೇಕಾದುದು ಮೂರು. ನಿರಾಕೃತವಾದ ಪ್ರಕರಣಗಳ ಕಡತಗಳನ್ನು ನಾಶಮಾಡಬಾರದು. ಬಿಡುಗಡೆಯ ದಿನವೇ ಸಿಪಾಯಿಗೆ ಅವನ ಸಂಪೂರ್ಣ ವೈದ್ಯಕೀಯ ದಾಖಲೆಯ ನಕಲನ್ನು, ಅವನಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿ, ಕೈಗೆ ಕೊಡಬೇಕು. ಕಚೇರಿಯ ತಪ್ಪಿನಿಂದ ತಡವಾದ ಹಣಕ್ಕೆ ಸಿಪಾಯಿಯ ಮೇಲೆ ಕಾಲಮಿತಿ ಹೇರಬಾರದು.

ನಾಲ್ಕನೆಯದೊಂದು ಉಪಾಧ್ಯಾಯರ ಕೈಯಲ್ಲಿದೆ. ಯಲ್ದೂರಿನ ಹುಡುಗನ ಮೊದಲ ಸರ್ಕಾರಿ ಕಾಗದ ಶಾಲೆಯ ದಾಖಲೆ ಪುಸ್ತಕವೇ. ಅಲ್ಲಿ ಬರೆಯುವ ಹೆಸರು, ಹುಟ್ಟಿದ ತಾರೀಖುಗಳು ಮುಂದೆ ಅವನೊಡನೆ ಹಿಮಾಲಯದವರೆಗೂ ಹೋಗುತ್ತವೆ. ತಂದೆತಾಯಿಗಳನ್ನು ಮತ್ತೊಮ್ಮೆ ಕೇಳಿ ಬರೆದರೆ ಒಂದು ನಿಮಿಷ ಹೆಚ್ಚು ಹಿಡಿದೀತು. ನಲವತ್ತು ವರ್ಷಗಳ ಮೇಲೆ, ಊರುಗೋಲು ಹಿಡಿದು ಕಚೇರಿಯ ಮೆಟ್ಟಿಲು ಹತ್ತಬೇಕಾದ ಮುದುಕನಿಗೆ ಆ ನಿಮಿಷದ ಬೆಲೆ ತಿಳಿದಿರುತ್ತದೆ.