ರಜೆಯಿಲ್ಲದ ಮಕ್ಕಳು

ಏಪ್ರಿಲ್ ಬಂತೆಂದರೆ ಬೆಂಗಳೂರು ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಬೇಸಿಗೆ ಶಿಬಿರಗಳ ಫಲಕಗಳು ಏಳುತ್ತವೆ. ಚಿತ್ರಕಲೆ, ಈಜು, ಚದುರಂಗ, ನಾಟಕ: ಹಣ ತೆರಬಲ್ಲವರ ಮಕ್ಕಳಿಗೆ ಯಾವುದಕ್ಕೂ ಕೊರತೆಯಿಲ್ಲ. ಪಕ್ಷದ ಕೆಲಸಕ್ಕೆಂದು ಅಲ್ಲಿಗೆ ಹೋಗಿದ್ದಾಗ ಅಂಥದೊಂದು ಫಲಕದ ಕೆಳಗೆ ಹೂ ಮಾರುವ ತಾಯಿಯೊಬ್ಬಳನ್ನು ಕಂಡೆವು. ಪಕ್ಕದಲ್ಲಿ ಹನ್ನೆರಡು ವರ್ಷದ ಮಗಳು. ಅವಳ ತೊಡೆಯ ಮೇಲೆ ಕತ್ತು ನಿಲ್ಲದ ಎಂಟು ವರ್ಷದ ತಮ್ಮ. ಅವನ ಬಾಯಿ ಒರೆಸುವುದು, ಗಂಜಿ ಕುಡಿಸುವುದು, ಮಗ್ಗುಲು ಬದಲಿಸುವುದು ಎಲ್ಲವೂ ಅವಳದೇ. “ರಜೆಗೆ ಎಲ್ಲಿಗಮ್ಮ ಹೋಗ್ತೀಯ?” ಎಂದು ಕೇಳಿದೆವು. “ಸ್ಕೂಲಿದ್ರೇ ಒಳ್ಳೇದು ಸಾರ್, ಅಷ್ಟೊತ್ತಾದ್ರೂ ಸುಮ್ನೆ ಕೂತಿರಬಹುದು” ಎಂದಳು.

ಇದು ಆ ಒಂದು ರಸ್ತೆಯ ಮಾತಲ್ಲ. ನಮ್ಮ ಜಿಲ್ಲೆಯ ಯಾವ ಹಟ್ಟಿ, ಯಾವ ಕೇರಿಗೆ ಹೋದರೂ ಇಂಥ ಅಕ್ಕಂದಿರು ಸಿಗುತ್ತಾರೆ. 2011ರ ಜನಗಣತಿ ಕರ್ನಾಟಕದಲ್ಲಿ 13 ಲಕ್ಷ 24 ಸಾವಿರ ವಿಕಲಚೇತನರನ್ನು ಲೆಕ್ಕ ಹಾಕಿತು. ಅವರನ್ನು ಯಾರು ನೋಡಿಕೊಳ್ಳುತ್ತಾರೆಂದು ಮಾತ್ರ ಕೇಳಲಿಲ್ಲ.

ಕಾಯಿದೆಗಳ ವಿಚಿತ್ರವನ್ನು ನೋಡಿರಿ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ, ಸಂಬಳವಿಲ್ಲದೆ ಆರೈಕೆ ಮಾಡುವ ಮನೆಯವರನ್ನೂ ಆರೈಕೆದಾರರೆಂದು ಒಪ್ಪಿತು. ಅದೇ 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆ, ಶಾಲೆ ಬಿಟ್ಟ ಮೇಲೆ ಮತ್ತು ರಜಾದಿನಗಳಲ್ಲಿ ಮಗು ತನ್ನ ಕುಟುಂಬಕ್ಕೆ ನೆರವಾಗಬಹುದೆಂದಿತು. ಅಂದರೆ ಬಡವರ ಮಗುವಿಗೆ ರಜೆಯೆಂದರೆ ದುಡಿಮೆಯ ಕಾಲವೆಂದು ಶಾಸನವೇ ಒಪ್ಪಿದಂತಾಯಿತು. ತೀವ್ರ ವೈಕಲ್ಯವುಳ್ಳ ಮಕ್ಕಳು ಮನೆಯಲ್ಲೇ ಕಲಿಯಬಹುದೆಂದು 2012ರಲ್ಲಿ ಶಿಕ್ಷಣ ಹಕ್ಕು ಕಾಯಿದೆಗೆ ತಿದ್ದುಪಡಿಯಾಯಿತು. ಒಳ್ಳೆಯದೇ. ಆದರೆ ತಾಯಿ ಕೂಲಿಗೆ ಹೋದ ಮನೆಯಲ್ಲಿ ಆ ಮಗುವಿನ ಜೊತೆ ಉಳಿಯುವವರು ಯಾರು?

ಅಕ್ಕ ತಮ್ಮನನ್ನು ಎತ್ತಿಕೊಳ್ಳುವುದು ತಪ್ಪೇ ಎಂದು ಕೆಲವರು ಕೇಳಬಹುದು. ಅವಳ ಪ್ರೀತಿಯನ್ನು ನಾವು ಪ್ರಶ್ನಿಸುತ್ತಿಲ್ಲ. ಆ ಹುಡುಗ ಹೊರೆಯೆಂದೂ ಹೇಳುತ್ತಿಲ್ಲ. ಇದೇ ಸ್ಥಿತಿ ಉಳ್ಳವರ ಮನೆಗೆ ಬಂದರೆ ಆಯಾ ಬರುತ್ತಾಳೆ, ಫಿಸಿಯೋಥೆರಪಿಯವರು ಬರುತ್ತಾರೆ, ಅಕ್ಕ ಈಜು ಕಲಿಯಲು ಹೋಗುತ್ತಾಳೆ. ಅವಳ ಪ್ರೀತಿಯೇನೂ ಅದರಿಂದ ಕಡಮೆಯಾಗುವುದಿಲ್ಲ. ಬಡವರ ಮಗಳನ್ನು ಮಾತ್ರ ತ್ಯಾಗಮಯಿ ಎಂದು ಹೊಗಳಿ, ಅವಳ ದುಡಿಮೆಯನ್ನು ಪುಕ್ಕಟೆ ಪಡೆಯುತ್ತೇವೆ.

ಇಂಗ್ಲೆಂಡಿನಲ್ಲಿ 2014ರ ಮಕ್ಕಳ ಮತ್ತು ಕುಟುಂಬಗಳ ಕಾಯಿದೆಯಂತೆ, ಆರೈಕೆಯ ಹೊಣೆ ಹೊತ್ತ ಮಕ್ಕಳ ಅಗತ್ಯಗಳನ್ನು ಸ್ಥಳೀಯ ಆಡಳಿತವೇ ವಿಚಾರಿಸಬೇಕು. ನಮ್ಮಲ್ಲೂ ಮಕ್ಕಳ ಆಟದ ಹಕ್ಕನ್ನು ಬಲ್ಲವರು ಇರಲಿಲ್ಲವೆಂದಲ್ಲ. 1938ರಷ್ಟು ಹಿಂದೆಯೇ ಆರ್. ಕಲ್ಯಾಣಮ್ಮನವರು ಬೆಂಗಳೂರಿನಲ್ಲಿ ಮಕ್ಕಳ ಕೂಟ ಕಟ್ಟಿದರು. 2023ರಲ್ಲಿ ರಾಜ್ಯ ಸರ್ಕಾರ ದುಡಿಯುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯಲು ಹೊರಟಿತು. ತಾಯಿಗೆ ಬಿಡುವು ಬೇಕೆಂಬುದನ್ನು ಒಪ್ಪಿದ ಸರ್ಕಾರ ಅಕ್ಕನಿಗೂ ಬೇಕೆಂಬುದನ್ನು ಒಪ್ಪಲೇಬೇಕು.

ನಮ್ಮ ಬೇಡಿಕೆ ಸ್ಪಷ್ಟ. ಪ್ರತಿ ತಾಲ್ಲೂಕಿನಲ್ಲೂ ಬೇಸಿಗೆಯಲ್ಲಿ ಹತ್ತು ದಿನಗಳ ಉಚಿತ ವಸತಿ ಶಿಬಿರ ನಡೆಯಲಿ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಕಟ್ಟಡ, ಮಂಚ, ಅಡುಗೆಮನೆಗಳು ರಜೆಯಲ್ಲಿ ಇದಕ್ಕೆ ಒದಗಲಿ. ಮಕ್ಕಳು ಆಡಲಿ, ನಿದ್ರೆ ಮಾಡಲಿ, ತಮ್ಮಂತೆಯೇ ಇರುವ ಇತರರೊಡನೆ ಮನಸ್ಸು ಬಿಚ್ಚಿ ಮಾತನಾಡಲಿ.

ಆದರೆ ಇಷ್ಟೇ ಸಾಲದು. ಅಕ್ಕ ಶಿಬಿರಕ್ಕೆ ಹೊರಟರೆ ತಮ್ಮನಿಗೆ ಗಂಜಿ ಕುಡಿಸುವವರಾರು? ಇದಕ್ಕೆ ಉತ್ತರವಿಲ್ಲದ ಶಿಬಿರ ಕಾಗದದ ಮೇಲೆಯೇ ಉಳಿಯುತ್ತದೆ. ಆದ್ದರಿಂದ ಅದೇ ಹತ್ತು ದಿನ ತರಬೇತಾದ ಆರೈಕೆದಾರರು ಅವನ ಮನೆಗೆ ಬರಬೇಕು, ಇಲ್ಲವೆ ಸಮೀಪದಲ್ಲೇ ಅವನಿಗೂ ನಲಿಯುವ ತಾಣವಿರಬೇಕು. ಅವರಿಗೆ ಗೌರವಧನವೆಂಬ ಚಿಲ್ಲರೆಯಲ್ಲ, ಸರಿಯಾದ ಸಂಬಳ ಸಲ್ಲಬೇಕು. ಒಬ್ಬ ಬಡ ಹುಡುಗಿಯ ಬಿಡುವನ್ನು ಇನ್ನೊಬ್ಬ ಬಡ ಹೆಂಗಸಿನ ಬಿಟ್ಟಿ ದುಡಿಮೆಯಿಂದ ಕೊಳ್ಳಬಾರದು.

ಸಂಗಾತಿಗಳು ಸರ್ಕಾರವನ್ನು ಕಾಯುತ್ತ ಕೂಡಬೇಕಿಲ್ಲ. ಶಾಲೆಗೆ ಆಗಾಗ ತಪ್ಪಿಸಿಕೊಳ್ಳುವ ಮಕ್ಕಳು ಯಾರು, ಏಕೆ ಎಂಬುದು ಊರಿನ ಮೇಷ್ಟರಿಗೆ ಗೊತ್ತಿರುತ್ತದೆ. ಅವರನ್ನು ಕೇಳಿರಿ, ಮನೆಮನೆಗೆ ಹೋಗಿರಿ, ತಾಯಂದಿರ ಒಪ್ಪಿಗೆ ಪಡೆದು ಪಟ್ಟಿ ಮಾಡಿರಿ. ಮುಂದಿನ ಬೇಸಿಗೆಗೆ ಬಹಳ ಮುಂಚೆಯೇ ಆ ಪಟ್ಟಿ ಜಿಲ್ಲಾಧಿಕಾರಿಗಳ ಮೇಜಿನ ಮೇಲಿರಬೇಕು.